ಒಳಬಂದ ನೀರಿಗೆ ಹೊರದಾರಿ: ಸಾಕು ಸರೀಸೃಪಕ್ಕೆ ಸೋರದ ಗೂಡು ಕಟ್ಟುವ ಬಗೆ

ಸರೀಸೃಪಗಳ ಗೂಡು ಹಾಳಾಗಲು ಶುರುವಾಗುವುದು ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಕಡೆಯಲ್ಲಲ್ಲ, ತಳದ ಅಂಚಿನಲ್ಲಿ. ಎರಡು ವರ್ಷ ಬಳಸಿದ ಪ್ಲೈವುಡ್ ಗೂಡೊಂದನ್ನು ನಾನು ಬಿಚ್ಚಿದಾಗ ಒಳಗಿನ ಬಣ್ಣವೆಲ್ಲ ಹೊಸದರಂತೆ ಹೊಳೆಯುತ್ತಿತ್ತು. ಆದರೆ ತಳದ ಹಲಗೆಯ ಹಿಂಭಾಗದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ನೆನೆದ ರಟ್ಟಿನಂತೆ ಒಳಗೆ ಹೋಯಿತು. ಹುಡುಕಿದಾಗ ಸಿಕ್ಕಿದ್ದು ಒಂದೇ ಒಂದು ತಿರುಪುಮೊಳೆ. ಅದರ ತಲೆಯ ಸುತ್ತ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಅಲ್ಲಿಂದ ಇಳಿದ ನೀರು ಮರದ ನಾರಿನುದ್ದಕ್ಕೂ ಹರಡಿ ಹೊರಬರಲು ದಾರಿಯಿಲ್ಲದೆ ಅಲ್ಲೇ ಕುಳಿತಿತ್ತು.

ಆ ಮೂಲೆ ನನಗೆ ಕಲಿಸಿದ್ದು ಎರಡು ಬೇರೆ ಬೇರೆ ವಿಷಯಗಳನ್ನು. ನೀರು ಹಲಗೆಯೊಳಗೆ ಇಳಿಯದಂತೆ ತಡೆಯುವುದು ಒಂದು ಕೆಲಸ; ತಡೆದ ನೀರನ್ನು ಗೂಡಿನಿಂದ ಹೊರಕ್ಕೆ ಕಳುಹಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಮರವೇನೋ ಉಳಿಯುತ್ತದೆ, ಆದರೆ ಕೊಳೆಯುವಿಕೆ ಮರದಿಂದ ಪ್ರಾಣಿಯ ಹೊಟ್ಟೆಯಡಿಗೆ ಸ್ಥಳ ಬದಲಿಸುತ್ತದೆ. ಸದಾ ಒದ್ದೆಯಾದ ನೆಲದ ಮೇಲೆ ಮಲಗುವ ಹಾವಿನ ಹೊಟ್ಟೆಯ ಚಿಪ್ಪುಗಳು ಮೊದಲು ಕೆಂಪಾಗುತ್ತವೆ, ನಂತರ ಅವುಗಳಡಿ ನೀರುಗುಳ್ಳೆಗಳೆದ್ದು ಹುಣ್ಣಾಗುತ್ತವೆ. ಗಾಳಿ ಆಡದ ತೇವದಲ್ಲಿ ಹಲ್ಲಿಗಳಿಗೂ ಹಾವುಗಳಿಗೂ ಉಸಿರಾಟದ ಸೋಂಕು ಬರುತ್ತದೆ. ಹಾಗೆಂದು ಒಣಗಿಸಿಬಿಟ್ಟರೆ ಪೊರೆ ಸರಿಯಾಗಿ ಬಿಡುವುದಿಲ್ಲ. ಬೆರಳುಗಳ ಮೇಲೂ ಬಾಲದ ತುದಿಯಲ್ಲೂ ಉಳಿದ ಹಳೆಯ ಪೊರೆ ದಾರದಂತೆ ಬಿಗಿದು ರಕ್ತ ಸಂಚಾರವನ್ನೇ ನಿಲ್ಲಿಸಬಲ್ಲದು. ಹಾಗಾಗಿ ಕಾಡಿನ ಜಾತಿಗಳಿಗೆ ಬೇಕಾದದ್ದು ತೇವಭರಿತ ಗಾಳಿ ಮತ್ತು ಕೆಸರಾಗದ ನೆಲ. ಈ ಎರಡನ್ನೂ ಒಟ್ಟಿಗೆ ಕೊಡುವುದೇ ಗೂಡಿನ ವಿನ್ಯಾಸದ ನಿಜವಾದ ಕಷ್ಟ.

ಕೆಲಸಕ್ಕೆ ಕೈ ಹಾಕುವ ಮುನ್ನ ಪ್ರಾಣಿ ಯಾವುದೆಂದು ಖಚಿತವಾಗಿರಬೇಕು, ಅದನ್ನು ಸಾಕಲು ಕಾನೂನಿನ ಒಪ್ಪಿಗೆ ಇದೆಯೆಂದೂ ಖಚಿತವಾಗಿರಬೇಕು. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ, ಎಲೆಗಳ ಮೇಲಿನ ಹನಿಗಳನ್ನು ನೆಕ್ಕಿ ಕುಡಿಯುತ್ತದೆ. ಆದ್ದರಿಂದ ಅದರ ಗೂಡಿನಲ್ಲಿ ದಿನವೂ ಬಹಳ ಹೊತ್ತು ನೀರು ಸಿಂಪಡಿಸಬೇಕಾಗುತ್ತದೆ, ಆ ನೀರೆಲ್ಲ ತಳಕ್ಕೇ ಬರುತ್ತದೆ. ಆಸ್ಟ್ರೇಲಿಯಾದ ಒಣ ಒಳನಾಡಿನಿಂದ ಬಂದ ಗಡ್ಡದ ಓತಿಗೆ ಸಿಂಪಡಣೆ ಬೇಕಿಲ್ಲ, ಆದರೆ ನೀರಿನ ಬಟ್ಟಲು ಮಗುಚಿದಾಗ ಮತ್ತು ಹಿಕ್ಕೆ ತೊಳೆಯುವಾಗ ಅದರ ಗೂಡಿನ ತಳವೂ ನೀರನ್ನು ತಡೆದುಕೊಳ್ಳಬೇಕು. ನೀರಿನಲ್ಲಿ ಮುಳುಗಿ ಆಡುವ ಓತಿಗಳಿಗೂ ಉಡಗಳಿಗೂ ಕೊಳವೇ ಬೇಕು. ಅಂಥಲ್ಲಿ ಕೊಳವನ್ನು ಗೂಡಿನ ನೆಲದಲ್ಲೇ ಕಟ್ಟುವ ಬದಲು ಎತ್ತಿ ತೊಳೆಯಬಹುದಾದ, ತನ್ನದೇ ತೂಬು ಇರುವ ತೊಟ್ಟಿಯನ್ನು ಇಳಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ನೀರು ಬರುವ ಮೂರು ದಾರಿಗಳು

ಗೂಡಿನೊಳಗೆ ನೀರು ಮೂರು ರೂಪದಲ್ಲಿ ಸಂಚರಿಸುತ್ತದೆ. ಹರಿಯುವ ನೀರು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದಕ್ಕೆ ಮಾತ್ರ ಸಿದ್ಧರಾಗುತ್ತಾರೆ. ಎರಡನೆಯದು, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ, ಸಣ್ಣ ಸಂದುಗಳು ತಾವಾಗಿಯೇ ಎಳೆದುಕೊಳ್ಳುವ ನೀರು. ಮರದ ನಾರಿನ ನಾಳಗಳು ಇದೇ ಕೆಲಸಕ್ಕೆ ಹುಟ್ಟಿದವು. ಮರ ಜೀವಂತವಾಗಿದ್ದಾಗ ಬೇರಿನಿಂದ ಎಲೆಗೆ ನೀರು ಸಾಗಿದ್ದು ಅವುಗಳ ಮೂಲಕವೇ. ಹಲಗೆಯನ್ನು ಕತ್ತರಿಸಿದ ಅಂಚಿನಲ್ಲಿ ಆ ನಾಳಗಳ ಬಾಯಿಗಳು ತೆರೆದಿರುವುದರಿಂದ, ಹಲಗೆಯ ಅಗಲವಾದ ಮುಖಕ್ಕಿಂತ ಕಿರಿದಾದ ಅಂಚೇ ಬಹಳ ವೇಗವಾಗಿ ನೀರು ಹೀರುತ್ತದೆ. ಬಣ್ಣ ಬಳಿಯುವವರು ಮಾಡುವ ದೊಡ್ಡ ತಪ್ಪೆಂದರೆ ಮುಖಕ್ಕೆ ಮೂರು ಸಲ ಬಳಿದು ಅಂಚಿಗೆ ಒಂದು ಸಲ ಬಳಿಯುವುದು.

ಮೂರನೆಯದು ಆವಿ. ಇದನ್ನು ಒಂದು ಲೆಕ್ಕದಿಂದ ನೋಡಿದರೆ ಸ್ಪಷ್ಟವಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಒಂದು ಘನ ಮೀಟರ್ ಗಾಳಿ ಗರಿಷ್ಠ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಅದೇ ಗಾಳಿಗೆ ಸಾಧ್ಯವಾಗುವುದು ಸುಮಾರು 17 ಗ್ರಾಂ ಮಾತ್ರ. ಹಗಲು 30 ಡಿಗ್ರಿಯಲ್ಲಿ ಶೇಕಡಾ 60 ಸಾಪೇಕ್ಷ ಆರ್ದ್ರತೆ ಇದೆಯೆಂದರೆ ಗಾಳಿಯಲ್ಲಿ ಸುಮಾರು 18 ಗ್ರಾಂ ಆವಿ ಇದೆ ಎಂದರ್ಥ. ರಾತ್ರಿ ದೀಪ ಆರಿ ಗಾಜಿನ ಮೈ 21 ಡಿಗ್ರಿಗೆ ತಣಿಯುತ್ತಿದ್ದಂತೆ, ಹಗಲಿನಲ್ಲಿ ಹಿತವಾಗಿದ್ದ ಅದೇ ಗಾಳಿ ಗಾಜಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಗಾಳಿಯಲ್ಲಿರುವ ನೀರು ಕೆಲವೇ ಗ್ರಾಂ ಇರಬಹುದು, ಆದರೆ ಬೆಚ್ಚಗಿನ ಒದ್ದೆ ಮಣ್ಣು ರಾತ್ರಿಯಿಡೀ ಆವಿ ಒದಗಿಸುತ್ತಲೇ ಇರುವುದರಿಂದ, ಬೆಳಗಾಗುವಷ್ಟರಲ್ಲಿ ಗಾಜಿನಿಂದ ಇಳಿದ ನೀರು ಕೆಳಗಿನ ಚೌಕಟ್ಟಿನ ಸಂದಿನಲ್ಲಿ ತುಂಬಿರುತ್ತದೆ. ಒಂದು ಹನಿಯನ್ನೂ ಸಿಂಪಡಿಸದ ಗೂಡಿನ ಚೌಕಟ್ಟು ಕೂಡ ಕೊಳೆಯುವುದು ಹೀಗೆ. ಆದ್ದರಿಂದ ನೀರು ತಡೆಯುವ ಲೇಪನ ತಳಕ್ಕೆ ಮಾತ್ರ ಸಾಲದು. ಗೋಡೆ, ಮಾಡು, ಬಾಗಿಲಿನ ಅಂಚು, ತಂತಿ ತೂರಿಸಿದ ರಂಧ್ರ ಎಲ್ಲಕ್ಕೂ ಬೇಕು.

ಹಲಗೆ, ಅಂಚು, ಮೂಲೆ

ಗಾಜು ತಾನಾಗಿಯೇ ನೀರು ತಡೆಯುತ್ತದೆ, ಆದರೆ ಭಾರ ಹೆಚ್ಚು ಮತ್ತು ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಪಿವಿಸಿ ಫೋಮ್ ಹಲಗೆ ನೀರನ್ನು ಹೀರುವುದೇ ಇಲ್ಲ, ಹಗುರ, ಶಾಖವನ್ನೂ ಹಿಡಿದಿಡುತ್ತದೆ. ಆದರೆ ಬಿಸಿಗೆ ಮೆದುವಾಗುವುದರಿಂದ ಶಾಖದ ದೀಪವನ್ನು ಅದರಿಂದ ದೂರವಿಡಬೇಕು, ಉದ್ದದ ತಳಕ್ಕೆ ಅಡಿಯಲ್ಲಿ ಆಸರೆಯನ್ನೂ ಕೊಡಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡನ್ನು ತೇವದ ಗೂಡಿಗೆ ಬಳಸಲೇಬಾರದು. ಒಮ್ಮೆ ನೀರು ಹೊಕ್ಕು ಉಬ್ಬಿದರೆ ಒಣಗಿದ ಮೇಲೂ ಅವು ಹಳೆಯ ಗಾತ್ರಕ್ಕೆ ಮರಳುವುದಿಲ್ಲ.

ಹೆಚ್ಚಿನವರ ಕೈಗೆ ಸಿಗುವುದು ಪ್ಲೈವುಡ್. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಮರೈನ್ ಪ್ಲೈವುಡ್ ಎಂದರೆ ನೀರು ತಡೆಯುವ ಮರವೆಂದು ಹಲವರು ಭಾವಿಸುತ್ತಾರೆ. ಅದರಲ್ಲಿ ನೀರನ್ನು ತಾಳಿಕೊಳ್ಳುವುದು ಪದರಗಳ ನಡುವಿನ ಅಂಟು. ಕುದಿಯುವ ನೀರಿನಲ್ಲಿಟ್ಟರೂ ಪದರಗಳು ಬಿಚ್ಚಿಕೊಳ್ಳುವುದಿಲ್ಲ ಎಂಬುದಷ್ಟೇ ಅದರ ಭರವಸೆ. ಮರ ಮರವೇ, ನೀರು ಸಿಕ್ಕರೆ ಕುಡಿಯುತ್ತದೆ. ಹಾಗಾಗಿ ಯಾವ ಪ್ಲೈವುಡ್ ತಂದರೂ ಲೇಪನದ ಕೆಲಸ ತಪ್ಪುವುದಿಲ್ಲ.

ಲೇಪನಕ್ಕೆ ಎರಡು ಭಾಗಗಳನ್ನು ಬೆರೆಸಿ ಬಳಸುವ ಎಪಾಕ್ಸಿ ಅತ್ಯಂತ ಗಟ್ಟಿಮುಟ್ಟಾದ ಆಯ್ಕೆ. ಅದರ ಸ್ವಭಾವ ತಿಳಿದರೆ ಕೆಲಸ ಸುಲಭ. ಎರಡೂ ಭಾಗಗಳ ಅಳತೆ ತಯಾರಕರು ಹೇಳಿದಂತೆಯೇ ಇರಬೇಕು. ಬೇಗ ಗಟ್ಟಿಯಾಗಲೆಂದು ಒಂದನ್ನು ಹೆಚ್ಚು ಹಾಕಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಬೆರೆಸಿದ ಎಪಾಕ್ಸಿಯನ್ನು ಡಬ್ಬಿಯಲ್ಲೇ ಬಿಟ್ಟರೆ ತನ್ನ ರಾಸಾಯನಿಕ ಕ್ರಿಯೆಯಿಂದ ತಾನೇ ಕಾದು ಡಬ್ಬಿಯನ್ನೇ ಕರಗಿಸಬಲ್ಲದು, ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಒಣಗಿದ ಮೇಲೆ ಕೆಲವು ಬಗೆಯ ಎಪಾಕ್ಸಿಯ ಮೈಮೇಲೆ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಅದನ್ನು ನೀರಿನಿಂದ ತೊಳೆದು, ಉಜ್ಜುಕಾಗದದಿಂದ ಮೈಯನ್ನು ಒರಟಾಗಿಸಿಯೇ ಮುಂದಿನ ಲೇಪ ಕೊಡಬೇಕು, ಇಲ್ಲವಾದರೆ ಎರಡನೆಯ ಪದರ ಮುಂದೊಂದು ದಿನ ಹಾಳೆಯಂತೆ ಎದ್ದು ಬರುತ್ತದೆ. ಎಪಾಕ್ಸಿಗೆ ಇನ್ನೊಂದು ದೌರ್ಬಲ್ಯವಿದೆ: ಅತಿನೇರಳೆ ಕಿರಣಕ್ಕೆ ಅದು ಹಳದಿಯಾಗಿ, ಕಾಲಕ್ರಮೇಣ ಪುಡಿಪುಡಿಯಾಗುತ್ತದೆ. ಸರೀಸೃಪಗಳಿಗಾಗಿ ನಾವು ಉರಿಸುವ ಯುವಿಬಿ ದೀಪ ಕೊಡುವುದು ಅದೇ ಕಿರಣವನ್ನು. ಹೀಗಾಗಿ ದೀಪದ ಬೆಳಕು ನೇರವಾಗಿ ಬೀಳುವ ಕಡೆಯಲ್ಲೆಲ್ಲ ಎಪಾಕ್ಸಿಯ ಮೇಲೆ ಅತಿನೇರಳೆ ತಾಳುವ ಪಾಲಿಯುರಿಥೇನ್ ಲೇಪ ಕೊಡುವುದು ಜಾಣತನ.

ಲೇಪನ ಎಲ್ಲಿ ಸೋಲುತ್ತದೆ ಎಂಬುದನ್ನು ಬೆರಳಿನಿಂದಲೇ ಅರಿಯಬಹುದು. ಚೂಪಾದ ಹೊರ ಅಂಚಿನ ಮೇಲೆ ಯಾವ ದ್ರವ ಲೇಪವೂ ಎರಡೂ ಬದಿಗೆ ಸರಿದು ಅಂಚಿನಲ್ಲೇ ತೆಳುವಾಗುತ್ತದೆ; ಬಳಿಯುವ ಮೊದಲು ಅಂಚನ್ನು ಸುಮಾರು 3 ಮಿಲಿಮೀಟರ್ ದುಂಡಾಗಿಸಿದರೆ ಈ ತೊಂದರೆ ಇಲ್ಲ. ಒಳಮೂಲೆಯ ಕಷ್ಟ ಬೇರೆ: ಎರಡು ಹಲಗೆಗಳು ಸೇರುವ ಸಾಲಿನಲ್ಲಿ ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವಾಗ ಗಡುಸಾದ ಲೇಪ ಬಿರುಕು ಬಿಡುತ್ತದೆ. ಅಲ್ಲಿ ದಪ್ಪಗೆ ಕಲಸಿದ ಎಪಾಕ್ಸಿಯನ್ನು ತುಂಬಿ, ಬೆರಳಿನಿಂದಲೋ ಚಮಚದ ಹಿಂಬದಿಯಿಂದಲೋ ಬಾಗಿದ ಮೂಲೆಯನ್ನಾಗಿಸಿ, ಅದರ ಮೇಲೆ ಫೈಬರ್‌ಗ್ಲಾಸ್ ಪಟ್ಟಿಯನ್ನು ಹಸಿ ಎಪಾಕ್ಸಿಯಲ್ಲಿ ನೆನೆಸಿ ಒತ್ತಿದರೆ ಮೂಲೆ ಇಡೀ ಗೂಡಿನ ಅತ್ಯಂತ ಬಲವಾದ ಭಾಗವಾಗುತ್ತದೆ. ದುಂಡನೆಯ ಮೂಲೆಯಲ್ಲಿ ಹಿಕ್ಕೆ, ಮಣ್ಣು ಸಿಕ್ಕಿಕೊಳ್ಳುವುದಿಲ್ಲವೆಂಬ ಲಾಭವೂ ಉಂಟು. ತಿರುಪುಮೊಳೆಗಳ ತಲೆಯನ್ನು ಹಲಗೆಯ ಮಟ್ಟದಿಂದ ಒಳಕ್ಕೆ ಇಳಿಸಿ, ಮೇಲೆ ಎಪಾಕ್ಸಿ ಮೆತ್ತಿ ಮುಚ್ಚಬೇಕು. ಹಲಗೆಯ ಹೊರಮೈಗೂ ಲೇಪ ಬೇಕು, ಏಕೆಂದರೆ ಒಂದೇ ಬದಿಯನ್ನು ಮುಚ್ಚಿದ ಹಲಗೆ ಎರಡೂ ಬದಿಗಳಲ್ಲಿ ಬೇರೆ ಬೇರೆ ಪ್ರಮಾಣದ ತೇವ ಹೀರಿ ದೋಣಿಯಂತೆ ಬಾಗುತ್ತದೆ.

ಸಿಲಿಕೋನ್ ಅನ್ನು ಕಡೆಗೆ ಹಾಕಬೇಕು, ಮೊದಲಲ್ಲ. ಗಟ್ಟಿಯಾದ ಸಿಲಿಕೋನ್ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಎಪಾಕ್ಸಿಯೂ ನಿಲ್ಲುವುದಿಲ್ಲ, ಹೊಸ ಸಿಲಿಕೋನ್ ಕೂಡ ಚೆನ್ನಾಗಿ ಹಿಡಿಯುವುದಿಲ್ಲ. ಬೂಷ್ಟು ತಡೆಯುವುದೆಂದು ಹೇಳಿಕೊಳ್ಳುವ ಸ್ನಾನಗೃಹದ ಸಿಲಿಕೋನ್‌ನಲ್ಲಿ ಶಿಲೀಂಧ್ರನಾಶಕ ಬೆರೆತಿರುವುದರಿಂದ ಅದನ್ನು ಬಿಟ್ಟು, ಮೀನಿನ ತೊಟ್ಟಿಗೆ ಸೂಕ್ತವೆಂದು ನಮೂದಿಸಿದ್ದನ್ನು ತರಬೇಕು. ಅದು ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಗೆ, ದಿನಕ್ಕೆ ಸುಮಾರು 2–3 ಮಿಲಿಮೀಟರ್‌ನಂತೆ ಗಟ್ಟಿಯಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ವಿನೆಗರ್‌ನಂಥ ಹುಳಿ ವಾಸನೆ ಬರುವ ಬಗೆಯಲ್ಲಿ ಆ ವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು. ಒಟ್ಟಿನಲ್ಲಿ ಲೇಪನವೆಲ್ಲ ಮುಗಿದ ಮೇಲೂ ಗೂಡಿನ ಬಾಗಿಲು ತೆರೆದಿಟ್ಟು, ಮೂಗಿಟ್ಟರೆ ಏನೂ ವಾಸನೆ ಬಾರದಷ್ಟು ದಿನ ಬಿಡದೆ ಪ್ರಾಣಿಯನ್ನು ಒಳಗೆ ಬಿಡಬಾರದು. ಈ ಕಾಯುವಿಕೆಯಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಮುಚ್ಚಿದ ಗೂಡಿನಲ್ಲಿರುವ ಪ್ರಾಣಿಗೆ ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲ.

ವಾಟ ಮತ್ತು ತೂಬು

ಗಾರೆ ಕೆಲಸದವರು ನೆಲಕ್ಕೆ ವಾಟ ಕೊಡುವಂತೆ ಗೂಡಿನ ತಳಕ್ಕೂ ವಾಟ ಕೊಡಬೇಕು. 50 ಸೆಂಟಿಮೀಟರ್ ಉದ್ದಕ್ಕೆ 1 ಸೆಂಟಿಮೀಟರ್ ಇಳಿತ ಸಾಕು. 120 ಸೆಂಟಿಮೀಟರ್ ಉದ್ದದ ಗೂಡಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 2.4 ಸೆಂಟಿಮೀಟರ್ ವ್ಯತ್ಯಾಸ. ಇಡೀ ಗೂಡನ್ನೇ ಓರೆಯಾಗಿ ನಿಲ್ಲಿಸಿದರೆ ಸರಿಯುವ ಬಾಗಿಲುಗಳು ತಾವಾಗಿ ಜಾರುತ್ತವೆ. ಅದಕ್ಕಿಂತ ಗೂಡನ್ನು ರಸಮಟ್ಟ ಹಿಡಿದು ನೆಟ್ಟಗೆ ನಿಲ್ಲಿಸಿ, ಒಳಗಿನ ತಳದ ಹಲಗೆಯನ್ನಷ್ಟೇ ಓರೆಯಾದ ಮರದ ಪಟ್ಟಿಗಳ ಮೇಲೆ ಕೂರಿಸುವುದು ಅಚ್ಚುಕಟ್ಟು.

ತೂಬಿಗೆ ನೀರಿನ ತೊಟ್ಟಿಗಳಲ್ಲಿ ಬಳಸುವ ಟ್ಯಾಂಕ್ ನಿಪ್ಪಲ್ ಸರಿಹೊಂದುತ್ತದೆ. ಅದಕ್ಕೊಂದು ಅಗಲವಾದ ಕಂಠ, ಒಂದು ರಬ್ಬರ್ ವಾಷರ್, ಇನ್ನೊಂದು ಬದಿಯಿಂದ ಬಿಗಿಯುವ ನಟ್ ಇರುತ್ತವೆ. ವಾಷರ್ ಇರಬೇಕಾದದ್ದು ನೀರಿನ ಬದಿಯಲ್ಲಿ, ಕಂಠದ ಕೆಳಗೆ. ನಟ್ ಬದಿಯಲ್ಲಿ ವಾಷರ್ ಇಟ್ಟರೆ ನೀರು ಸುರುಳಿಯ ಸಾಲಿನಲ್ಲಿ ಇಳಿದು ಹಲಗೆಯ ಹೊಟ್ಟೆ ಸೇರುತ್ತದೆ. ನಟ್ ಅನ್ನು ಕೈಯಿಂದ ಬಿಗಿದು, ಬಳಿಕ ಸ್ಪ್ಯಾನರ್‌ನಿಂದ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಹೆಚ್ಚು ಬಿಗಿದರೆ ರಬ್ಬರ್ ಒಂದು ಬದಿಗೆ ಜಾರಿ ಅದೇ ಸೋರಿಕೆಗೆ ಕಾರಣವಾಗುತ್ತದೆ. ಪ್ಲೈವುಡ್ಡಿನಲ್ಲಿ ಕೊರೆದ ರಂಧ್ರದ ಒಳಗೋಡೆಯೂ ಕತ್ತರಿಸಿದ ಅಂಚೇ ಆದ್ದರಿಂದ ನಿಪ್ಪಲ್ ಕೂರಿಸುವ ಮೊದಲು ಅಲ್ಲಿಗೆ ಎರಡು ಸಲ ಎಪಾಕ್ಸಿ ಬಳಿಯಬೇಕು. ಗಾಜಿನ ತಳವಾದರೆ ವಜ್ರದ ಪುಡಿ ಕೂರಿಸಿದ ಕೊಳವೆಯಾಕಾರದ ಗರಗಸದಿಂದ (ಹೋಲ್ ಸಾ), ನೀರು ಹನಿಸುತ್ತಾ ನಿಧಾನವಾಗಿ ಕೊರೆಯಬೇಕು; ಟಫನ್ಡ್ ಗಾಜನ್ನು ಮಾತ್ರ ಕೊರೆಯಲು ಹೋಗಬಾರದು, ಇಡೀ ಹಲಗೆ ಒಮ್ಮೆಗೇ ಚೂರುಚೂರಾಗುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಸಣ್ಣ ಸಂಗತಿಯೊಂದಿದೆ. ನಿಪ್ಪಲಿನ ಕಂಠ ಮತ್ತು ವಾಷರ್ ಸೇರಿ ನೆಲಕ್ಕಿಂತ ಕೆಲವು ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತವೆ, ಅಷ್ಟು ನೀರು ಯಾವಾಗಲೂ ಅದರ ಸುತ್ತ ನಿಂತೇ ಇರುತ್ತದೆ. ಲೇಪನಕ್ಕೂ ಮುಂಚೆಯೇ ರಂಧ್ರದ ಸುತ್ತ ಕಂಠ ಮುಳುಗುವಷ್ಟು ಹಲಗೆಯನ್ನು ಕೆತ್ತಿ ತಗ್ಗು ಮಾಡಿಟ್ಟರೆ ಕೊನೆಯ ಹನಿಯೂ ಇಳಿದುಹೋಗುತ್ತದೆ. ಕೊಳವೆಯ ಒಳವ್ಯಾಸ 25 ಮಿಲಿಮೀಟರ್‌ಗಿಂತ ಕಿರಿದಾಗಿರಬಾರದು, ಏಕೆಂದರೆ ಇಲ್ಲಿ ಹರಿಯುವುದು ಬರಿಯ ನೀರಲ್ಲ. ಎಲೆಯ ಚೂರು, ತೆಂಗಿನ ನಾರು, ಕಳಚಿದ ಪೊರೆ ಎಲ್ಲವೂ ಬರುತ್ತವೆ. ಬಾಯಿಗೆ ಜಾಲರಿ ಹಾಕಿ, ಕೆಳಗಿನ ಕೊಳವೆಯಲ್ಲಿ ಒಂದು ಯು ಆಕಾರದ ಬಾಗು ಕೊಟ್ಟರೆ ಅಲ್ಲಿ ನಿಲ್ಲುವ ನೀರು ನುಸಿಗಳನ್ನೂ ವಾಸನೆಯನ್ನೂ ತಡೆಯುತ್ತದೆ.

ಕೊಳವೆಯ ತುದಿಯಲ್ಲಿಡುವ ಬಕೆಟ್ ಸಿಂಪಡಿಸುವ ಯಂತ್ರದ ನೀರಿನ ಡಬ್ಬಿಗಿಂತ ದೊಡ್ಡದಾಗಿರಲಿ. ಡಬ್ಬಿಯಲ್ಲಿ 10 ಲೀಟರ್ ಇದ್ದರೆ ಬಕೆಟ್ 12 ಲೀಟರಿನದಾಗಿರಬೇಕು. ಆಗ ಟೈಮರ್ ಕೆಟ್ಟು ಇಡೀ ರಾತ್ರಿ ಸಿಂಪಡಿಸಿದರೂ ನೀರು ನೆಲಕ್ಕೆ ಉಕ್ಕುವುದಿಲ್ಲ. ಸರೀಸೃಪಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯವಾದ್ದರಿಂದ ಈ ನೀರನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಎಂದಿಗೂ ಸುರಿಯಬಾರದು. ಶೌಚಾಲಯಕ್ಕೆ ಸುರಿದು ಕೈಯನ್ನು ಸೋಪಿನಿಂದ ತೊಳೆಯಬೇಕು.

ಮಣ್ಣಿನಡಿಯ ಕಲ್ಲಿನ ಪದರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಣ್ಣು, ಗಿಡ, ಹುಳುಹುಪ್ಪಟೆಗಳಿರುವ ಜೀವಂತ ನೆಲವನ್ನು ಮಾಡುವವರು ಮಣ್ಣಿನ ಕೆಳಗೆ ಜಲ್ಲಿಯನ್ನೋ ಸುಟ್ಟ ಜೇಡಿಮಣ್ಣಿನ ಹಗುರ ಗುಂಡುಗಳನ್ನೋ ಹರಡುತ್ತಾರೆ. ಇದರಿಂದ ಮೇಲಿನ ಮಣ್ಣು ಬೇಗ ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ನಿಜವಲ್ಲ, ಏಕಲ್ಲ ಎಂಬುದನ್ನು ಪಾತ್ರೆ ತೊಳೆಯುವ ಒಂದು ಸ್ಪಂಜಿನಿಂದ ತಿಳಿಯಬಹುದು.

ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಹಿಡಿದಂತೆ ಅಡ್ಡಡ್ಡವಾಗಿ, ಎರಡು ಅಂಚುಗಳಲ್ಲಿ ಮಾತ್ರ ಹಿಡಿದು ಎತ್ತಿ. ಒಂದಿಷ್ಟು ನೀರು ಸುರಿಯುತ್ತದೆ, ಹನಿಯುತ್ತದೆ, ನಂತರ ನಿಲ್ಲುತ್ತದೆ. ಇನ್ನು ನೀರಿಲ್ಲವೆಂದು ತೋರಿದಾಗ ಅದೇ ಸ್ಪಂಜನ್ನು ಹಿಂಡದೆ, ಒತ್ತದೆ, ಉದ್ದುದ್ದವಾಗಿ ನಿಲ್ಲಿಸಿ ಹಿಡಿಯಿರಿ. ಕೆಳತುದಿಯಿಂದ ಮತ್ತೆ ನೀರು ಸುರಿಯತೊಡಗುತ್ತದೆ. ಸ್ಪಂಜು ಅದೇ, ರಂಧ್ರಗಳು ಅವೇ, ಬದಲಾದದ್ದು ಎತ್ತರ ಮಾತ್ರ.

ಸಣ್ಣ ರಂಧ್ರಗಳು ನೀರನ್ನು ಗುರುತ್ವಕ್ಕೆ ಎದುರಾಗಿ ಒಂದು ನಿರ್ದಿಷ್ಟ ಎತ್ತರದವರೆಗೆ ಹಿಡಿದುಕೊಳ್ಳುತ್ತವೆ. ತಳದಲ್ಲಿ ಅಷ್ಟು ಎತ್ತರದ ಭಾಗ ಸದಾ ತುಂಬಿದ್ದೇ ಇರುತ್ತದೆ. ಅದಕ್ಕಿಂತ ಮೇಲಿನ ನೀರು ಮಾತ್ರ ಕೆಳಗಿಳಿದು ಹೊರಬೀಳುತ್ತದೆ. ಆ ಎತ್ತರವನ್ನು ನಿರ್ಧರಿಸುವುದು ಕಣಗಳ ಗಾತ್ರವೇ ಹೊರತು ಮಣ್ಣಿನ ಆಳವಲ್ಲ, ಕೆಳಗಿರುವ ಜಲ್ಲಿಯೂ ಅಲ್ಲ. ಜಲ್ಲಿಯ ದೊಡ್ಡ ಸಂದುಗಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಮಣ್ಣಿನ ಸಣ್ಣ ರಂಧ್ರಗಳು ತುಂಬಿ ತುಳುಕಿದ ಮೇಲಷ್ಟೇ ನೀರು ಜಲ್ಲಿಗೆ ಹನಿಯುತ್ತದೆ. ಅಂದರೆ ನುಣ್ಣನೆಯ ಮಣ್ಣನ್ನು 5 ಸೆಂಟಿಮೀಟರ್ ಮಾತ್ರ ಹರಡಿದ ಗೂಡಿನಲ್ಲಿ, ಕೆಳಗೆ ಎಷ್ಟೇ ಜಲ್ಲಿ ಇದ್ದರೂ, ಪ್ರಾಣಿ ನಡೆಯುವುದು ಆ ತುಂಬಿದ ಪದರದ ಮೇಲೆಯೇ ಆಗಿರಬಹುದು. ಅದೇ ಮಣ್ಣಿಗೆ ಒರಟು ಮರಳು, ಮರದ ತೊಗಟೆಯ ಚೂರು ಬೆರೆಸಿ ರಂಧ್ರಗಳನ್ನು ಹಿರಿದಾಗಿಸಿ, ಆಳವನ್ನು 12–15 ಸೆಂಟಿಮೀಟರ್‌ಗೆ ಏರಿಸಿದರೆ ಒದ್ದೆ ಪದರ ಕೆಳಗೇ ಉಳಿದು ಮೇಲ್ಮೈ ಬೇಗ ಆರುತ್ತದೆ, ತಳದ ತೇವ ನಿಧಾನವಾಗಿ ಆವಿಯಾಗಿ ಗಾಳಿಗೆ ಬೇಕಾದ ಆರ್ದ್ರತೆಯನ್ನೂ ಕೊಡುತ್ತದೆ. ಕಾಡಿನ ನೆಲ ಮಾಡುವುದೂ ಇದನ್ನೇ.

ಹಾಗಾದರೆ ಕಲ್ಲಿನ ಪದರ ವ್ಯರ್ಥವೇ? ಅಲ್ಲ. ಮಣ್ಣಿನಿಂದ ತುಳುಕಿದ ನೀರು ಮಣ್ಣನ್ನು ಮತ್ತೆ ಮುಟ್ಟದಂತೆ ದೂರ ಹಿಡಿದಿಡುವ ಜಾಗ ಅದು. ತೂಬು ಇದ್ದರೆ ನೀರು ಅಲ್ಲಿಂದ ಸಲೀಸಾಗಿ ತೂಬಿನ ಕಡೆ ಸಾಗುತ್ತದೆ. ತೂಬು ಇಲ್ಲದಿದ್ದರೆ ಅದು ಬರಿಯ ತೊಟ್ಟಿ, ತುಂಬಿದ ದಿನ ಮಣ್ಣು ಬತ್ತಿಯಂತೆ ಆ ನೀರನ್ನೆಲ್ಲ ಮೇಲಕ್ಕೆ ಎಳೆದುಕೊಳ್ಳುತ್ತದೆ. ಸುಮಾರು 5 ಸೆಂಟಿಮೀಟರ್ ದಪ್ಪದ ಪದರ, ಅದರ ಮೇಲೆ ಮಣ್ಣು ಇಳಿಯದಂತೆ ಫೈಬರ್‌ಗ್ಲಾಸ್ ಸೊಳ್ಳೆಜಾಲರಿ, ಒಂದು ಮೂಲೆಯಲ್ಲಿ ತಳದವರೆಗೆ ಇಳಿಬಿಟ್ಟ, ಕೆಳತುದಿಯಲ್ಲಿ ಸೀಳುಗಳಿರುವ ನೇರ ಕೊಳವೆ: ಇಷ್ಟು ಸಾಕು. ಆ ಕೊಳವೆಯೊಳಗೆ ಕಡ್ಡಿ ಇಳಿಸಿ ನೀರಿನ ಮಟ್ಟ ನೋಡಬಹುದು, ತೂಬು ಕಟ್ಟಿಕೊಂಡ ದಿನ ಅದರಿಂದಲೇ ನೀರು ಹೀರಿ ತೆಗೆಯಬಹುದು. ನೀರಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಆಮ್ಲಜನಕ ಮುಗಿದು ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಬೆಳೆದಿವೆ ಎಂದೇ ಅರ್ಥ. ಮಣ್ಣನ್ನು ತೆಗೆದು ಹೊಸದಾಗಿ ಹಾಕುವುದೇ ದಾರಿ.

ಭಾರದ ಲೆಕ್ಕವನ್ನು ಇಲ್ಲೇ ಮಾಡಿಬಿಡಬೇಕು. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ತಳದ ಮೇಲೆ 1 ಸೆಂಟಿಮೀಟರ್ ನೀರು ನಿಂತರೆ 7.2 ಲೀಟರ್, ಅಂದರೆ 7.2 ಕಿಲೋ. ಅದೇ ತಳದ ಮೇಲೆ 10 ಸೆಂಟಿಮೀಟರ್ ಒದ್ದೆ ಮಣ್ಣು ಹರಡಿದರೆ 72 ಲೀಟರ್ ಗಾತ್ರ, ತೂಕ 100 ಕಿಲೋ ದಾಟುತ್ತದೆ. ತಳ ನಡುವೆ ಜೋತು ಬಿದ್ದರೆ ಕಷ್ಟಪಟ್ಟು ಕೊಟ್ಟ ವಾಟ ತಿರುಗಿ, ನೀರು ತೂಬಿನ ಬದಲು ಮಧ್ಯದಲ್ಲಿ ನಿಲ್ಲುತ್ತದೆ. ಹಾಗಾಗಿ ತಳದಡಿ ಅಡ್ಡಪಟ್ಟಿಗಳು ಹತ್ತಿರ ಹತ್ತಿರ ಇರಲಿ, ಗೂಡು ಕಾಲುಗಳ ಮೇಲೆ ನಿಂತು ಅಡಿಯಲ್ಲಿ ಗಾಳಿಯಾಡಲಿ.

ಬಾಗಿಲು, ಗಾಳಿ, ತಂತಿ

ಸರಿಯುವ ಗಾಜಿನ ಬಾಗಿಲು ಜಾರುವ ಕೆಳಗಿನ ತೋಡು ನೀರಿಗೆ ಕಾಲುವೆಯಿದ್ದಂತೆ. ಗಾಜಿನಿಂದ ಇಳಿದ ಇಬ್ಬನಿಯೆಲ್ಲ ಅದರಲ್ಲಿ ನಿಂತು, ತುದಿಗಳಿಂದ ಹೊರಗಿನ ಹಲಗೆಗೆ ಸೋರುತ್ತದೆ. ತೋಡಿನ ತಳದಲ್ಲಿ ಒಂದೊಂದು ಗೇಣಿಗೆ 4–5 ಮಿಲಿಮೀಟರ್ ರಂಧ್ರವನ್ನು ಒಳಬದಿಗೆ ಕೊರೆದು, ಅದರಡಿಯ ಹೊಸ್ತಿಲಿಗೆ ಒಳಮುಖವಾಗಿ ಸ್ವಲ್ಪ ವಾಟ ಕೊಟ್ಟರೆ ಆ ನೀರು ಗೂಡಿನ ತಳಕ್ಕೇ ಮರಳುತ್ತದೆ. ಹೊಸ್ತಿಲು ಮಣ್ಣಿನ ಮಟ್ಟಕ್ಕಿಂತ ಎತ್ತರವಾಗಿರಬೇಕೆಂಬುದು ಹೇಳಬೇಕಾಗಿಯೇ ಇಲ್ಲ.

ಗಾಳಿಗೆ ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ ಕಿಂಡಿಗಳಿರಲಿ. ದೀಪದ ಬಿಸಿಗೆ ಮೇಲೇರಿದ ಗಾಳಿ ಮೇಲಿನ ಕಿಂಡಿಯಿಂದ ಹೊರಟಾಗ ಕೆಳಗಿನಿಂದ ಹೊಸ ಗಾಳಿ ತಾನಾಗಿ ಬರುತ್ತದೆ, ಫ್ಯಾನ್ ಬೇಕಿಲ್ಲ. ಆರ್ದ್ರತೆ ಕಡಿಮೆಯಾಯಿತೆಂದು ಕಿಂಡಿ ಮುಚ್ಚುವುದು ಕೆಟ್ಟ ಅಭ್ಯಾಸ. ಮಣ್ಣಿನ ಆಳ ಹೆಚ್ಚಿಸಿ, ಗಿಡ ಹೆಚ್ಚಿಸಿ, ಕಿಂಡಿಯನ್ನು ಮಾತ್ರ ತೆರೆದಿಡಿ. ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದಾದರೆ ತುಕ್ಕಿನ ಚಿಂತೆಯಿಲ್ಲ.

ನೀರಿರುವ ಪೆಟ್ಟಿಗೆಯಲ್ಲಿ ವಿದ್ಯುತ್ತೂ ಇರುವುದರಿಂದ ಮೂರು ಸಂಗತಿಗಳಲ್ಲಿ ರಾಜಿ ಕೂಡದು. ಗೂಡಿನ ಎಲ್ಲ ಉಪಕರಣಗಳೂ 30 ಮಿಲಿಆಂಪಿಯರ್ ವಿದ್ಯುತ್ ಸೋರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಮೂಲಕವೇ ವಿದ್ಯುತ್ ಪಡೆಯಬೇಕು. ಪ್ರತಿ ತಂತಿಯೂ ಸಾಕೆಟ್ ತಲುಪುವ ಮುನ್ನ ಅದಕ್ಕಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು, ಆಗ ತಂತಿಯ ಮೇಲೆ ಹರಿದ ನೀರು ತಗ್ಗಿನಲ್ಲಿ ಹನಿದು ಬೀಳುತ್ತದೆಯೇ ಹೊರತು ಸಾಕೆಟ್ಟಿಗೆ ಹೋಗುವುದಿಲ್ಲ. ಶಾಖ ಕೊಡುವ ಎಲ್ಲವೂ ಥರ್ಮೋಸ್ಟಾಟ್‌ಗೆ ಅಧೀನವಾಗಿರಬೇಕು, ಪ್ರಾಣಿ ಮುಟ್ಟದಂತೆ ದೀಪಕ್ಕೆ ಪಂಜರವಿರಬೇಕು.

ಮಣ್ಣು ಹಾಕುವ ಮುನ್ನ

ಬರಿಯ ಗೂಡನ್ನು ನೀರಿನಿಂದ ಪರೀಕ್ಷಿಸದೆ ಮಣ್ಣು ತುಂಬಬಾರದು. ತೂಬು ಮುಚ್ಚಿ, ತಳದ ಅತಿ ತಗ್ಗಾದ ಕಡೆ 5 ಸೆಂಟಿಮೀಟರ್ ಆಗುವಂತೆ ನೀರು ನಿಲ್ಲಿಸಿ, ಮಟ್ಟವನ್ನು ಪೆನ್ಸಿಲಿನಿಂದ ಗುರುತಿಸಿ, ನೀರು ಆವಿಯಾಗಿ ಲೆಕ್ಕ ತಪ್ಪದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಡಿಯಲ್ಲಿ ಒಣ ಪತ್ರಿಕೆಯ ಹಾಳೆಗಳನ್ನು ಹಾಸಿ 48 ಗಂಟೆ ಬಿಡಬೇಕು. ಕಾಗದದ ಮೇಲೆ ಬೀಳುವ ಒಂದು ಹನಿಯ ಕಲೆಯೂ ಸೋರಿಕೆಯ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ. ಆಮೇಲೆ ತೂಬು ತೆರೆದು ನೀರೆಲ್ಲ ಹೋದ ಮೇಲೆ ದೀಪವನ್ನು ಓರೆಯಾಗಿ ಹಿಡಿದು ತಳವನ್ನು ನೋಡಿ. ಎಲ್ಲೆಲ್ಲಿ ನೀರು ಕನ್ನಡಿಯಂತೆ ಹೊಳೆಯುತ್ತ ನಿಂತಿದೆಯೋ ಅಲ್ಲೆಲ್ಲ ಸುತ್ತ ಗೆರೆ ಎಳೆದು, ಒಣಗಿಸಿ, ಎಪಾಕ್ಸಿಯಿಂದ ಆ ತಗ್ಗುಗಳನ್ನು ತುಂಬಬೇಕು. ಈಗ ಅರ್ಧ ದಿನದ ಕೆಲಸ. ಮಣ್ಣು, ಗಿಡ, ಪ್ರಾಣಿ ಒಳಗೆ ಹೋದ ಮೇಲೆ ಅದೇ ಕೆಲಸಕ್ಕೆ ಇಡೀ ಗೂಡನ್ನು ಬರಿದು ಮಾಡಬೇಕು.

ಗೂಡು ಬಳಕೆಗೆ ಬಂದ ಮೇಲೆ ಬಕೆಟ್ಟೇ ಅದರ ಆರೋಗ್ಯವನ್ನು ಹೇಳುತ್ತದೆ. ವಾರಕ್ಕೆ ಎಷ್ಟು ಲೀಟರ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಮೊದಲ ಕೆಲವು ವಾರ ಬರೆದಿಟ್ಟರೆ ಆ ಗೂಡಿನ ಸಹಜ ಲೆಕ್ಕ ಸಿಗುತ್ತದೆ. ನಡುವಿನ ವ್ಯತ್ಯಾಸ ಗಾಳಿಯೊಂದಿಗೆ ಆವಿಯಾಗಿ ಹೋದದ್ದು. ಒಳಹೋಗುವ ನೀರು ಬದಲಾಗದೆ ಬಕೆಟ್ಟಿಗೆ ಬರುವುದು ಇದ್ದಕ್ಕಿದ್ದಂತೆ ಕಡಿಮೆಯಾದರೆ, ತೂಬಿನ ಜಾಲರಿ ಕಟ್ಟಿಕೊಂಡಿದೆ ಅಥವಾ ನೀರು ಬೇರೆ ದಾರಿ ಹುಡುಕಿಕೊಂಡಿದೆ. ಆ ದಿನವೇ ಮೂಲೆಯ ಕೊಳವೆಗೆ ಕಡ್ಡಿ ಇಳಿಸಿ ಮಟ್ಟ ನೋಡಿ, ಮಟ್ಟ ಏರಿಲ್ಲವೆಂದಾದರೆ ಟಾರ್ಚ್ ಹಿಡಿದು ತಳದ ಹಿಂಭಾಗದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು.